ಬೋರ್ಡಿಗೂ ಒಂದು ಪಹಣಿ

ಘತ್ತರಗಿಯಲ್ಲಿ ಭೀಮಾ ದಂಡೆಯ ಯಾವುದೇ ಹೊಲದ ಬದುವಿನ ಮೇಲೆ ನಿಂತರೂ ಕಣ್ಣಿಗೆ ಬೀಳುವುದು ಮಣ್ಣು, ಬೆಳೆ, ನೀರೆತ್ತುವ ಪಂಪು. ಈ ಹೊಲ ಯಾರದು, ಎಷ್ಟು ಎಕರೆ, ಎಷ್ಟು ಗುಂಟೆ, ನೀರು ಎಲ್ಲಿಂದ ಎಂಬುದನ್ನು ಹೊಲ ತಾನಾಗಿ ಹೇಳುವುದಿಲ್ಲ. ಹೇಳುವುದು ಪಹಣಿ. ಆ ಹೊಲವನ್ನು ಎಂದೂ ಕಾಣದ ಗುಮಾಸ್ತರು ತಾಲೂಕು ಕಚೇರಿಯಲ್ಲಿ ಕೂತು ವ್ಯವಹಾರ ನಡೆಸುವುದು ಆ ಒಂದು ಹಾಳೆಯ ಬಲದ ಮೇಲೆ.

ಇಂದಿನ ಅನೇಕ ಮೊಬೈಲ್‌ಗಳಲ್ಲಿ, ಅಂಗೈಯಗಲದ ಕಂಪ್ಯೂಟರ್ ಬೋರ್ಡುಗಳಲ್ಲಿ ಇಂಥದೇ ಒಂದು ಹಾಳೆ ಇರುತ್ತದೆ. ಅದರ ಹೆಸರು ಡಿವೈಸ್ ಟ್ರೀ, ಅಂದರೆ ಸಾಧನಗಳ ವಂಶವೃಕ್ಷ. ಇದನ್ನು ಓದುವುದು ಕರ್ನಲ್. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್, ಒಂದೊಂದು ಚಿಪ್ಪಿನೊಂದಿಗೆ ಮಾತಾಡಲು ಒಂದೊಂದು ಡ್ರೈವರನ್ನು ಇಟ್ಟುಕೊಂಡಿರುತ್ತದೆ. ಯಾವ ಚಿಪ್ಪು ಎಲ್ಲಿದೆ, ಅದಕ್ಕೆ ಕರೆಂಟು ಎಲ್ಲಿಂದ ಬರುತ್ತದೆ ಎಂಬುದು ಮಾತ್ರ ಅದಕ್ಕೆ ಮೊದಲೇ ತಿಳಿದಿರುವುದಿಲ್ಲ.

ಸಾಧನಗಳಲ್ಲಿ ಎರಡು ಬಗೆ. ಯುಎಸ್‌ಬಿ ಮೌಸನ್ನು ಚುಚ್ಚಿದೊಡನೆ ಅದು ತನ್ನ ತಯಾರಕರ ಸಂಖ್ಯೆ, ತನ್ನ ಮಾದರಿಯ ಸಂಖ್ಯೆ ಎರಡನ್ನೂ ತಾನೇ ಒಪ್ಪಿಸುತ್ತದೆ. ಬೋರ್ಡಿಗೆ ಬೆಸುಗೆ ಹಾಕಿ ಕೂರಿಸಿದ ಹೆಚ್ಚಿನ ಚಿಪ್ಪುಗಳಿಗೆ ಆ ರೂಢಿ ಇಲ್ಲ. ಉಷ್ಣತೆ ಅಳೆಯುವ ಚಿಪ್ಪು, ಗಡಿಯಾರದ ಚಿಪ್ಪು ಎರಡು ತಂತಿಗಳ ತುದಿಯಲ್ಲಿ ಸುಮ್ಮನೆ ಕೂತಿರುತ್ತವೆ. ಸರಿಯಾದ ವಿಳಾಸ ಹಿಡಿದು ಕರೆದರೆ ಓಗೊಡುತ್ತವೆ, ಆದರೆ ತಾವು ಯಾರೆಂದು ಹೇಳುವುದಿಲ್ಲ. ಹಾಗಾಗಿ ಅವುಗಳ ಪರವಾಗಿ ಯಾರಾದರೂ ಬರೆದಿಡಬೇಕು.

ಮೊದಲು ಈ ವಿವರವನ್ನು ಕರ್ನಲ್ಲಿನ ಒಡಲಲ್ಲೇ ಬರೆಯುತ್ತಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ಎಂಜಿನಿಯರುಗಳು ಸೇರಿ ರೂಪಿಸಿದ ಅಂಗೈ ಕಂಪ್ಯೂಟರ್ ಸಿಂಪ್ಯೂಟರ್ ಅಂಥ ಕಾಲದ ಕೂಸು. 2001ರ ಹೊತ್ತಿಗೆ ರೂಪುಗೊಂಡ ಅದರಲ್ಲಿ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್ ಇತ್ತು, ಅದರ ಮೇಲೆ ಲಿನಕ್ಸ್ ಕರ್ನಲ್ ಓಡುತ್ತಿತ್ತು. ಆ ಕಾಲದಲ್ಲಿ ಆರ್ಮ್ ಪ್ರೊಸೆಸರಿನ ಪ್ರತಿ ಹೊಸ ಬೋರ್ಡಿಗೂ ಒಂದು 'ಬೋರ್ಡ್ ಫೈಲ್' ಬರೆದು ಕರ್ನಲ್ಲಿಗೆ ಸೇರಿಸುವುದು ವಾಡಿಕೆ. ಬೋರ್ಡುಗಳು ಹೆಚ್ಚಿದಂತೆ ಈ ಕಡತಗಳ ರಾಶಿಯೂ ಬೆಳೆಯಿತು. 2011ರ ಮಾರ್ಚ್‌ನಲ್ಲಿ ಲಿನಕ್ಸ್‌ನ ಮೂಲಕರ್ತೃ ಲಿನಸ್ ಟೊರ್ವಾಲ್ಡ್ಸ್ ಈ ಗೊಂದಲದ ಬಗ್ಗೆ ಬಹಿರಂಗವಾಗಿಯೇ ಸಿಡುಕಿದರು. ಸನ್ ಕಂಪನಿಯ ಯಂತ್ರಗಳಲ್ಲಿ ಹುಟ್ಟಿ, 1994ರಲ್ಲಿ ಮಾನದಂಡವಾಗಿ, ಪವರ್‌ಪಿಸಿ ಯಂತ್ರಗಳಲ್ಲಿ ಆಗಲೇ ಬಳಕೆಯಲ್ಲಿದ್ದ ಡಿವೈಸ್ ಟ್ರೀ ಪದ್ಧತಿಯನ್ನು ಆರ್ಮ್ ಲೋಕ ಅಪ್ಪಿಕೊಂಡಿದ್ದು ಆ ಬಳಿಕ. ವಿವರ ಒಂದು ಕಡೆ, ಕೆಲಸ ಒಂದು ಕಡೆ ಆಯಿತು. ಒಂದೇ ಕರ್ನಲ್ ಹಲವು ಬೋರ್ಡುಗಳಲ್ಲಿ ಓಡತೊಡಗಿತು, ಬದಲಾಗುವುದು ಪಹಣಿ ಮಾತ್ರ.

ಈ ಪಹಣಿಯ ಬರವಣಿಗೆ ನೋಡಲು ಸರಳ. ಒಂದೊಂದು ಸಾಧನಕ್ಕೆ ಒಂದೊಂದು ಕವಲು. ಕವಲಿನ ಮೊದಲ ಸಾಲು 'ಕಂಪ್ಯಾಟಿಬಲ್'. ಈ ಚಿಪ್ಪು ಯಾರು, ಯಾವ ಡ್ರೈವರಿಗೆ ಹೊಂದುತ್ತದೆ ಎಂಬುದು ಅಲ್ಲಿರುತ್ತದೆ. 'ರೆಗ್' ಎಂಬ ಸಾಲು ವಿಳಾಸ, ನಮ್ಮ ಸರ್ವೆ ನಂಬರ್ ಇದ್ದಂತೆ. 'ಸಪ್ಲೈ' ಎಂದು ಮುಗಿಯುವ ಸಾಲು ಕರೆಂಟಿನ ಮೂಲವನ್ನು ತೋರಿಸುತ್ತದೆ. 'ರಿಸೆಟ್' ಸಾಲು ಚಿಪ್ಪನ್ನು ತಡೆಹಿಡಿದು ಬಿಡುವ ತಂತಿ ಯಾವುದೆಂದು ಹೇಳುತ್ತದೆ. ಬರೆಯುವವರ ಮುಂದೆ ಒಂದೆಡೆ ಬೋರ್ಡಿನ ನಕ್ಷೆ, ಇನ್ನೊಂದೆಡೆ ಚಿಪ್ಪಿನ ತಯಾರಕರು ಕೊಟ್ಟ ನೂರಾರು ಪುಟಗಳ ವಿವರಣೆ. ನಕ್ಷೆಯಲ್ಲಿ ಒಂದು ಗೆರೆಯ ಬೆನ್ನು ಹತ್ತಿ ಪುಟದಿಂದ ಪುಟಕ್ಕೆ ಹೋಗಿ, ಅದು ಕೊನೆಗೆ ಚಿಪ್ಪಿನ ಯಾವ ಕಾಲಿಗೆ, ಅಂದರೆ ಪಿನ್ನಿಗೆ, ಮುಟ್ಟಿತು ಎಂದು ಗುರುತಿಸಿಕೊಂಡು ಒಂದು ಸಾಲು ಬರೆಯಬೇಕು.

ಇನ್ನು ಕರೆಂಟು. ಬೋರ್ಡಿನಲ್ಲಿ ಎಲ್ಲರಿಗೂ ಒಂದೇ ವೋಲ್ಟೇಜ್ ನಡೆಯದು. ಬೇಕಾದಷ್ಟನ್ನೇ ಅಳೆದು ಕೊಡುವ ಚಿಪ್ಪಿಗೆ ರೆಗ್ಯುಲೇಟರ್ ಎನ್ನುತ್ತಾರೆ. ಪಹಣಿಯಲ್ಲಿ ಅದರ ಕನಿಷ್ಠ, ಗರಿಷ್ಠ ಮಿತಿಗಳನ್ನು ಮೈಕ್ರೊವೋಲ್ಟ್ ಲೆಕ್ಕದಲ್ಲಿ, ಅಂದರೆ ಒಂದು ವೋಲ್ಟಿನ 10 ಲಕ್ಷದ ಒಂದು ಭಾಗದಲ್ಲಿ ಬರೆಯುತ್ತಾರೆ. 3.3 ವೋಲ್ಟ್ ಅಲ್ಲಿ 3300000 ಆಗುತ್ತದೆ. ಒಂದು ಸೊನ್ನೆ ಹೆಚ್ಚುಕಡಿಮೆಯಾದರೆ ಅರ್ಥವೇ ಬೇರೆ.

ಒಂದೇ ರೆಗ್ಯುಲೇಟರಿಗೆ ಹಲವು ಚಿಪ್ಪುಗಳು ಪಾಲುದಾರರಾಗಿರುವುದುಂಟು. ಪಾಲಿನ ಬಾವಿಯ ಮೋಟರಿನಂತೆ, ಒಬ್ಬರಿಗೆ ಸಾಕಾಯಿತೆಂದು ಬಂದ್ ಮಾಡುವಂತಿಲ್ಲ. ಎಷ್ಟು ಮಂದಿ ಬೇಕೆಂದರು, ಎಷ್ಟು ಮಂದಿ ಸಾಕೆಂದರು ಎಂದು ಕರ್ನಲ್ ಎಣಿಸುತ್ತಿರುತ್ತದೆ. ಕೊನೆಯವರೂ ಸಾಕೆಂದ ಮೇಲೆಯೇ ಕರೆಂಟು ನಿಲ್ಲುತ್ತದೆ. ಡ್ರೈವರ್ ಎದ್ದು ನೋಡುವಾಗ ರೆಗ್ಯುಲೇಟರ್ ಇನ್ನೂ ಸಿದ್ಧವಾಗಿರದಿದ್ದರೆ ಅದಕ್ಕೂ ದಾರಿಯಿದೆ. ಡ್ರೈವರ್ 517 ಎಂಬ ಸಂಕೇತ ಸಂಖ್ಯೆಯನ್ನು ಮರಳಿಸುತ್ತದೆ. 'ಈಗಲ್ಲ, ಆಮೇಲೆ ಕರೆಯಿರಿ' ಎಂದು ಅದರ ಅರ್ಥ. ಕರ್ನಲ್ ಅದನ್ನು ಸರದಿಯ ಹಿಂದಕ್ಕೆ ಕಳಿಸಿ, ಮುಂದೆ ಮತ್ತೆ ಕರೆಯುತ್ತದೆ.

ಈ ಕುಸುರಿಯನ್ನು ಹತ್ತಿರದಿಂದ ಕಾಣಬೇಕಾದರೆ ಬೋರ್ಡಿನ ಮೇಲೆಯೇ ಬೆಸೆದ ಯುಎಸ್‌ಬಿ ಹಬ್ಬನ್ನು ನೋಡಬೇಕು. ಒಂದು ದಾರಿಯನ್ನು ನಾಲ್ಕಾಗಿ ಕವಲೊಡೆಸುವ ಚಿಪ್ಪು ಅದು. ಯುಎಸ್‌ಬಿ ಕುಲದ್ದಾದ್ದರಿಂದ ತನ್ನ ಹೆಸರು ತಾನೇ ಹೇಳಬಲ್ಲದು. ಆದರೆ ಹೇಳಲು ಮೈಯಲ್ಲಿ ಕರೆಂಟು ಬೇಕು. ಕರೆಂಟು ಕೊಡಬೇಕಾದ ಡ್ರೈವರ್ ಏಳುವುದು ಹಬ್ ತನ್ನ ಹೆಸರು ಹೇಳಿದ ಮೇಲೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಈ ಗಂಟನ್ನು ಬಿಡಿಸುವ ಡ್ರೈವರೊಂದು 2022ರಲ್ಲಿ, ಲಿನಕ್ಸ್ 6.0 ಆವೃತ್ತಿಯಲ್ಲಿ ಸೇರಿತು. ಬರೆದವರು ಮಥಿಯಾಸ್ ಕೇಲ್ಕೆ. ಅವರ ಉಪಾಯವೆಂದರೆ ಒಂದೇ ಡ್ರೈವರಿನಲ್ಲಿ ಇಬ್ಬರು ಕೆಲಸಗಾರರು. ಮೊದಲನೆಯವನು ಹಬ್ಬಿನ ಮಾತಿಗೆ ಕಾಯುವುದಿಲ್ಲ. ಪಹಣಿ ನೋಡಿ 'ಇಲ್ಲೊಂದು ಹಬ್ ಇದೆ' ಎಂದು ನಂಬಿ ಕರೆಂಟು ಕೊಡುತ್ತಾನೆ. ಹಬ್ ಎಚ್ಚೆತ್ತು ಹೆಸರು ಹೇಳಿದ ಮೇಲೆ ಎರಡನೆಯವನು ಬಂದು, ಆ ಹೆಸರನ್ನು ಪಹಣಿಯ ಕವಲಿಗೆ ಗಂಟು ಹಾಕುತ್ತಾನೆ.

ಕರೆಂಟು ಕೊಡುವುದಕ್ಕೂ ಒಂದು ಕ್ರಮವಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಯುಎಸ್‌ಬಿ8041 ಎಂಬ ಹಬ್ಬನ್ನೇ ತೆಗೆದುಕೊಳ್ಳಿ. ಅದಕ್ಕೆ 1.1 ವೋಲ್ಟ್ ಮತ್ತು 3.3 ವೋಲ್ಟ್ ಎರಡೂ ಬೇಕು. ಮೊದಲು ರಿಸೆಟ್ ತಂತಿಯಿಂದ ಚಿಪ್ಪನ್ನು ತಡೆದು ಹಿಡಿಯಬೇಕು. ಆಮೇಲೆ ಕರೆಂಟು ಬಿಡಬೇಕು. ವೋಲ್ಟೇಜ್ ಏರಿ ಒಂದು ನೆಲೆಗೆ ನಿಲ್ಲಲೆಂದು ಡ್ರೈವರ್ 3000 ಮೈಕ್ರೊಸೆಕೆಂಡ್ ಕಾಯುತ್ತದೆ. ಅದು ಒಂದು ಸೆಕೆಂಡಿನ ಸಾವಿರದಲ್ಲಿ ಮೂರು ಪಾಲು. ಆ ಬಳಿಕವೇ ರಿಸೆಟ್ ತಂತಿಯನ್ನು ಬಿಡುತ್ತದೆ. ಆರಿಸುವಾಗ ಮೊದಲು ಚಿಪ್ಪನ್ನು ತಡೆದು, ನಂತರ ಕರೆಂಟು ತೆಗೆಯುತ್ತದೆ. ಯಂತ್ರ ನಿದ್ರೆಗೆ ಜಾರುವಾಗಲೂ ಒಂದು ವಿಚಾರಣೆ ನಡೆಯುತ್ತದೆ: ಯಂತ್ರವನ್ನು ಎಬ್ಬಿಸಬಲ್ಲ ಕೀಬೋರ್ಡಿನಂಥದು ಹಬ್ಬಿಗೆ ಅಂಟಿದೆಯೇ? ಇದ್ದರೆ ಕರೆಂಟು ಉಳಿಸಬೇಕು, ಇಲ್ಲದಿದ್ದರೆ ಕಡಿದು ಬ್ಯಾಟರಿ ಉಳಿಸಬಹುದು.

ಇನ್ನೂ ಒಂದು ಸೂಕ್ಷ್ಮವಿದೆ. ಯುಎಸ್‌ಬಿ 3 ಹಬ್ ನೋಡಲು ಒಂದೇ ಚಿಪ್ಪಾದರೂ ಕರ್ನಲ್ಲಿಗೆ ಇಬ್ಬರಾಗಿ ಕಾಣುತ್ತದೆ, ಹಳೆಯ ವೇಗಕ್ಕೊಂದು ಹೆಸರು, ಹೊಸ ವೇಗಕ್ಕೊಂದು ಹೆಸರು. ಇಬ್ಬರಿಗೂ ಬೇರೆ ಬೇರೆ ಕರೆಂಟು ಕೊಡಹೊರಟರೆ ಎಡವಟ್ಟು. ಅದಕ್ಕೇ ಪಹಣಿಯಲ್ಲಿ 'ಪಿಯರ್-ಹಬ್' ಎಂಬ ಸಾಲು ಬರೆದು, ಇವರಿಬ್ಬರೂ ಜೋಡಿ ಎಂದು ತಿಳಿಸಬೇಕು. ಈ ಏರ್ಪಾಡು ಹಬ್ಬಲ್ಲದ ಸಾಧನಗಳಿಗೂ ಒಗ್ಗುತ್ತದೆಂದು ಕಂಡು, 2024ರಲ್ಲಿ ಡ್ರೈವರಿನ ಹೆಸರಿನಿಂದ 'ಹಬ್' ಪದವನ್ನೇ ತೆಗೆದು 'ಡೆವ್' ಎಂದು ಇಟ್ಟರು.

ಇದರಲ್ಲಿನ ದುಡಿಮೆ ಕಣ್ಣಿಗೆ ಬೀಳುವಂಥದಲ್ಲ. ಆ ಟಿಯುಎಸ್‌ಬಿ8041 ಹಬ್ಬಿನ ರಿಸೆಟ್ ತಂತಿ ವೋಲ್ಟೇಜ್ ಇಳಿದಾಗ ತಡೆಯುವ ಜಾತಿಯದು. ಬರೆಯುವವರು ಮರೆತು ಏರಿದಾಗ ತಡೆಯುವ ಜಾತಿ ಎಂದು ಬರೆದರೆ, ಡ್ರೈವರ್ 'ಬಿಟ್ಟೆ' ಎಂದುಕೊಂಡ ಗಳಿಗೆಯಲ್ಲೇ ಚಿಪ್ಪಿನ ಕತ್ತು ಹಿಡಿದಿರುತ್ತದೆ. ತಪ್ಪಿನ ಸಂದೇಶ ಬರುವುದಿಲ್ಲ, ಹಬ್ ಕಾಣುವುದಿಲ್ಲ ಅಷ್ಟೇ. ಆಗ ಮಲ್ಟಿಮೀಟರಿನ ಮೊನೆಯನ್ನು ಒಂದೊಂದೇ ಕಾಲಿಗೆ ಮುಟ್ಟಿಸುತ್ತ, ನಕ್ಷೆಯ ಗೆರೆಗಳನ್ನು ಮೊದಲಿನಿಂದ ಓದಬೇಕು. ಕೊನೆಗೆ ತಿದ್ದುವುದು ಒಂದೇ ಒಂದು ಪದ. ಪಹಣಿಯ ಒಂದು ಕಾಲಂ ತಿದ್ದಿಸಲು ಹೊರಟವರಿಗೆ ಆ ಒಂದು ಪದದ ಬೆಲೆ ಗೊತ್ತಿರುತ್ತದೆ.