ಗುಳ್ಳೆ ಏಳುವ ತನಕ

"ಎಷ್ಟು ದಿವಸಕ್ಕೆ ಇಳೀತದೆ?"

ಪಂಚರ್ ಅಂಗಡಿಯಲ್ಲಿ ಈ ಪ್ರಶ್ನೆಯನ್ನು ಅದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಬೈಕ್ ನಿಲ್ಲಿಸುತ್ತಲೇ ಚಕ್ರ ಬಿಚ್ಚಿ, ಪ್ಯಾಚ್ ಹಾಕಿ, ದುಡ್ಡು ಎಣಿಸಿಕೊಂಡವರೇ ಎಲ್ಲರೂ. ಮೂರು ವಾರದಲ್ಲಿ ಮೂರು ಕಡೆ ಹಿಂಚಕ್ರಕ್ಕೆ ಪ್ಯಾಚ್ ಬಿದ್ದಿತ್ತು. ನಾಲ್ಕು ದಿನ ಓಡಿಸಿದರೆ ಚಕ್ರ ಮತ್ತೆ ಸೊರಗುತ್ತಿತ್ತು. ಪೊನ್ನಂಪೇಟೆಯಿಂದ ಹುದಿಕೇರಿ ಕಡೆ ಹೊರಟವನು ತಗಡಿನ ಮಾಡಿನ ಈ ಅಂಗಡಿ ಮುಂದೆ ನಿಂತದ್ದು ಆ ಸಿಟ್ಟಿನಲ್ಲೇ.

"ನಾಲ್ಕು ದಿನ," ಎಂದೆ.

"ನಿಂತಿದ್ರೂ ಇಳೀತದಾ, ಓಡಿದ್ರೆ ಮಾತ್ರವಾ?"

ಯೋಚಿಸಿದೆ. ಊರಿಗೆ ಹೋಗಿ ಒಂದು ವಾರ ಬೈಕ್ ಮುಟ್ಟದಿದ್ದಾಗ ಗಾಳಿ ಇದ್ದ ಹಾಗೇ ಇತ್ತು. ಹಾಗೆಂದು ಹೇಳಿದೆ. ಎಪ್ಪತ್ತು ದಾಟಿದ ಆ ಮನುಷ್ಯ ಬೀಡಿ ಆರಿಸಿ, "ಹಾಗಾದ್ರೆ ಟ್ಯೂಬಿನ ತಪ್ಪಲ್ಲ. ಟೈರಿನ ಒಳಗೆ ಯಾರೋ ಕೂತಿದ್ದಾರೆ. ನೋಡುವ," ಎಂದರು.

ಎಲ್ಲರೂ ಅವರನ್ನು ಕರೆಯುವುದು ಇಕ್ಕ ಎಂದೇ. ತೋಟದ ಕೊಡವ ಹುಡುಗರಿಗೂ ಇಕ್ಕ, ಅರಣ್ಯ ಮಹಾವಿದ್ಯಾಲಯದಲ್ಲಿ ಓದಲು ಬಯಲುಸೀಮೆಯಿಂದ ಬಂದವರಿಗೂ ಇಕ್ಕ. ಇರಿಟ್ಟಿ ಕಡೆಯಿಂದ ಮಾಕುಟ್ಟ ಘಾಟಿ ಹತ್ತಿ ಬಂದಾಗ ಅವರಿಗೆ ಮೀಸೆ ಚಿಗುರಿರಲಿಲ್ಲವಂತೆ. ಅಂಗಡಿಗೆ ಬೋರ್ಡಿಲ್ಲ. ಕಂಬಕ್ಕೆ ನೇತುಹಾಕಿದ ಒಂದು ಹಳೇ ಟೈರೇ ಬೋರ್ಡು.

ಇಕ್ಕ ಮೊದಲು ಚಕ್ರ ಬಿಚ್ಚಲಿಲ್ಲ. ವಾಲ್ವಿನ ಕ್ಯಾಪ್ ತೆಗೆದು, ಬೆರಳಿಗೆ ಉಗುಳು ಹಚ್ಚಿ ಅದರ ಬಾಯಿಗೆ ಸವರಿದರು. ಉಗುಳಿನ ಪೊರೆ ಉಬ್ಬಿದರೆ ಒಳಗಿನ ಪಿನ್ ಕೂತಿಲ್ಲವೆಂದು ಅರ್ಥ. ಅಷ್ಟಕ್ಕೇ ಕೆಲಸ ಮುಗಿಯುತ್ತದೆ. ಪೊರೆ ಅಲುಗಲಿಲ್ಲ. ಆಮೇಲೆ ವಾಲ್ವಿನ ನೇರಕ್ಕೆ ಟೈರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದರು. ಇದನ್ನು ಬಹಳ ಜನ ಮಾಡುವುದಿಲ್ಲ. ಒಮ್ಮೆ ಟ್ಯೂಬ್ ಹೊರಬಂದರೆ ಅದರ ಯಾವ ಜಾಗ ಟೈರಿನ ಯಾವ ಜಾಗಕ್ಕೆ ಒರಗಿತ್ತೆಂದು ತಿಳಿಯುವುದು ಆ ಗೆರೆಯಿಂದಲೇ.

ಟ್ಯೂಬನ್ನು ಅದರ ಅಳತೆಗಿಂತ ಹೆಚ್ಚೇ ಉಬ್ಬಿಸಿದರು. ಹಿಗ್ಗಿದಾಗ ಸೂಜಿಮೊನೆಯಂಥ ತೂತೂ ಬಾಯಿ ಬಿಡುತ್ತದೆ. ನೀರಿಗೆ ಹಾಕುವ ಮೊದಲು ಅದನ್ನು ಕೆನ್ನೆಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಮೆಲ್ಲನೆ ತಿರುಗಿಸಿದರು. ಕಿವಿ ಮಂದವಾಗಿದೆ, ಕೆನ್ನೆಗೆ ವಯಸ್ಸಾಗಿಲ್ಲ ಎಂಬುದು ಅವರ ಮಾತು. ಅಂದು ಕೆನ್ನೆಗೂ ಏನೂ ಸಿಗಲಿಲ್ಲ. ಕೊನೆಗೆ ಬಾಂಡ್ಲಿ ಬಂತು. ಟ್ಯೂಬನ್ನು ಮುಳುಗಿಸಿ, ಅದಕ್ಕಂಟಿದ ಹುಸಿ ಗುಳ್ಳೆಗಳನ್ನೆಲ್ಲ ಅಂಗೈಯಿಂದ ಒರೆಸಿ ಸುಮ್ಮನೆ ಕೂತರು. ನಾನು ಮಾತಿಗೆಳೆದರೆ ಕೈ ಅಡ್ಡ ಹಿಡಿದರು.

ಒಂದು ಗುಳ್ಳೆ. ಇಪ್ಪತ್ತು ಎಣಿಸುವಷ್ಟು ಹೊತ್ತು ಬಿಟ್ಟು ಇನ್ನೊಂದು.

ಅದು ಮೂರನೇ ಪ್ಯಾಚಿಗೆ ಒತ್ತಿಕೊಂಡೇ ಇತ್ತು. ಇಕ್ಕ ನಕ್ಕರು. ವಾಲ್ವಿನಿಂದ ಗೇಣು ಹಾಕಿ ನೋಡಿದರೆ ಹಳೆಯ ಮೂರೂ ಪ್ಯಾಚುಗಳು ಎರಡು ಗೇಣಿನ ಆಸುಪಾಸಿನಲ್ಲೇ. "ಮೂರು ಜನ ಒಂದೇ ಮನೆಗೆ ಬಂದು ಹೋಗಿದ್ದಾರೆ ಮೋನೇ, ಒಬ್ಬನೂ ಬಾಗಿಲು ತಟ್ಟಿಲ್ಲ."

ತೂತು ಟ್ಯೂಬಿನ ಹೊರಮೈಯಲ್ಲಿದ್ದರೆ ಅಪರಾಧಿ ಟೈರಿನ ಕಡೆಯವನು. ರಿಮ್ಮಿನ ಕಡೆಗಿದ್ದರೆ ಸ್ಪೋಕಿನ ತಲೆಯೋ ತುಕ್ಕೋ. ಜೋಡಿ ತೂತು ಹಾವು ಕಚ್ಚಿದಂತೆ ಕಂಡರೆ ಗಾಳಿ ಕಡಿಮೆಯಿದ್ದಾಗ ಗುಂಡಿಗೆ ಬಿದ್ದು ಟ್ಯೂಬ್ ರಿಮ್ಮಿಗೆ ಸಿಕ್ಕಿಕೊಂಡಿದೆ. ವಾಲ್ವಿನ ಬುಡ ಹರಿದಿದ್ದರೆ ಕಡಿಮೆ ಗಾಳಿಯಲ್ಲೇ ಓಡಿಸಿ ಟ್ಯೂಬ್ ಜಾರಿದೆ. ಇಷ್ಟನ್ನು ಹೇಳುತ್ತಲೇ ಇಕ್ಕ ಹಳೇ ಬನಿಯನ್ನಿನ ಚೂರೊಂದನ್ನು ಟೈರಿನ ಒಳಮೈ ಸುತ್ತ ಎಳೆದರು. ಬೆರಳಾಡಿಸಿದರೆ ತಂತಿ ಕುಯ್ಯುತ್ತದೆ. ಹತ್ತಿಯಾದರೆ ಸಿಕ್ಕಿಕೊಂಡು ಹೇಳುತ್ತದೆ. ಬಟ್ಟೆ ಸಿಕ್ಕಿಕೊಳ್ಳಲಿಲ್ಲ. ಗೆರೆಯಿಂದ ಎರಡು ಗೇಣು ಅಳೆದು, ಆ ಜಾಗವನ್ನು ಮೊಣಕಾಲಿಗೆ ಒತ್ತಿ ಟೈರನ್ನು ಒಳಹೊರಗು ಮಾಡಿ ಬಗ್ಗಿಸಿದಾಗ ಕಂದು ಚುಕ್ಕೆಯೊಂದು ತಲೆಯೆತ್ತಿತು. ಇಕ್ಕನ ಇಕ್ಕಳ ಅದನ್ನು ಹಿಡಿದೆಳೆಯಿತು. ಬಿದಿರಿನ ಮುಳ್ಳಿನ ತುದಿ. ಅಕ್ಕಿಕಾಳಿಗಿಂತ ಚಿಕ್ಕದು. ಬೈಕ್ ನಿಂತಾಗ ತಾನು ಕೊರೆದ ತೂತಿಗೆ ತಾನೇ ಬಿರಡೆಯಾಗಿ, ಓಡುವಾಗ ಅಲುಗಾಡಿ ಗಾಳಿ ಬಿಡುತ್ತಿದ್ದ ಕಳ್ಳ.

ಅದನ್ನು ಎಸೆಯಲಿಲ್ಲ. ಗೋಡೆಗೂಡಿನಲ್ಲಿದ್ದ ಹಾರ್ಲಿಕ್ಸ್ ಬಾಟಲಿಗೆ ಹಾಕಿದರು. ನಾನು ಈ ಲೇಖನ ಬರೆಯುತ್ತಿರುವುದು ನಿಜವಾಗಿ ಆ ಬಾಟಲಿಗಾಗಿ. ಬೇಲಿತಂತಿಯ ತುಂಡುಗಳು, ಲಾರಿಯ ರೇಡಿಯಲ್ ಟೈರಿನಿಂದ ಉದುರಿದ ಕೂದಲೆಳೆಯಂಥ ಉಕ್ಕು, ಸ್ಟೇಪಲ್ ಪಿನ್ನು, ಬಳೆಚೂರು, ಕಿವಿಯೋಲೆಯ ತಿರುಪು. ಒಂದನ್ನು ತೋರಿಸಿ ಮುಳ್ಳುಹಂದಿಯ ಮುಳ್ಳು ಎಂದರು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಹೆಚ್ಚಿನವು ಮಳೆಗಾಲದವು. ಒದ್ದೆ ರಬ್ಬರು ಬೇಗ ಕುಯ್ಯಿಸಿಕೊಳ್ಳುತ್ತದೆ, ಹಾಗಾಗಿ ಕಕ್ಕಡ ತಿಂಗಳು ತಮಗೆ ಸುಗ್ಗಿ ಎನ್ನುತ್ತಾರೆ.

ಗಾಳಿ ತುಂಬಿದ ಟೈರಿನ ಇತಿಹಾಸ ದೊಡ್ಡದು. ಬೆಲ್‌ಫಾಸ್ಟ್‌ನಲ್ಲಿದ್ದ ಸ್ಕಾಟ್ಲೆಂಡಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲಿಗೆಂದು ಮಾಡಿ, 1888ರಲ್ಲಿ ಪೇಟೆಂಟ್ ಪಡೆದ. ಇಕ್ಕನ ಇತಿಹಾಸ ಶುರುವಾಗುವುದು ಮೈಸೂರಿನಿಂದ. 1961ರಿಂದ 1996ರವರೆಗೆ ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳು, ತೋಟದ ಜೀಪುಗಳು, ಬೆಂಕಿ ಹಚ್ಚಿ ಅಂಟಿಸುವ ಬಿಸಿ ಪ್ಯಾಚು. ಆಮೇಲೆ ಬಂದದ್ದು ಸಲ್ಯೂಷನ್ನು. ಅದು ಒಣಗುವ ಮೊದಲೇ ಪ್ಯಾಚ್ ಒತ್ತುವವರನ್ನು ಕಂಡರೆ ಅವರಿಗೆ ಈಗಲೂ ಕೋಪ.

ಎಲ್ಲ ಇಳಿತವೂ ಪಂಚರ್ ಅಲ್ಲ ಎಂಬುದನ್ನೂ ಹೇಳಬೇಕು. ರಬ್ಬರಿನ ಮೂಲಕವೇ ತಿಂಗಳಿಗೆ ಒಂದೆರಡು ಪಿಎಸ್‌ಐ ಸೋರುತ್ತದೆ. ಉಷ್ಣಾಂಶ 10 ಡಿಗ್ರಿ ಇಳಿದರೆ ಒತ್ತಡವೂ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಡಿಸೆಂಬರಿನ ಬೆಳಿಗ್ಗೆ ನಡುಗುತ್ತಾ ಬರುವ ಕಾಲೇಜು ಹುಡುಗರಿಗೆ ಇಕ್ಕ ಗಾಳಿ ತುಂಬಿಸಿ, ನಾಲ್ಕು ದಿನ ನೋಡಿಕೊಂಡು ಬಾ ಎಂದು ಕಳಿಸುತ್ತಾರೆ.

2020ರಲ್ಲಿ ಪೊನ್ನಂಪೇಟೆ ತಾಲ್ಲೂಕಾಯಿತು. ಬೈಕುಗಳು ಹೆಚ್ಚಿವೆ, ಇಕ್ಕನ ಕೆಲಸ ಹೆಚ್ಚಿಲ್ಲ. ಅಲಾಯ್ ಚಕ್ರದ ಹೆಚ್ಚಿನ ಬೈಕುಗಳಲ್ಲಿ ಟ್ಯೂಬೇ ಇಲ್ಲ. ಮೊಳೆ ಕಂಡರೆ ಕಿತ್ತು ಸ್ಟ್ರಿಪ್ ತೂರಿಸಿದರಾಯಿತು, ಐದು ನಿಮಿಷ. ಮೊಳೆ ಕಾಣದೆ ರಿಮ್ಮಿನ ಅಂಚಿನಲ್ಲಿ ಕೆಸರು ಕೂತೋ, ಗುಂಡಿಗೆ ಬಿದ್ದು ರಿಮ್ ಬಾಗಿಯೋ ಸೋರುವುದಿದೆಯಲ್ಲ, ಅದಕ್ಕೆ ಸೋಪಿನ ನೀರು ಹೊಯ್ದು ಕಾಯಬೇಕು. ಕಾಯುವ ವ್ಯವಧಾನ ಇತ್ತ ಗಿರಾಕಿಗೂ ಇಲ್ಲ, ಅತ್ತ ಅಂಗಡಿಯವನಿಗೂ ಇಲ್ಲ. ಹಸಿರು ದ್ರಾವಣ ಸುರಿದು ಕಳಿಸುತ್ತಾರೆ. ತೂತು ಚಿಕ್ಕದಾದರೆ ಅದೂ ನಿಲ್ಲುತ್ತದೆ, ಸುಳ್ಳು ಹೇಳಬಾರದು.

ಇಕ್ಕನ ಮಗ ಗಲ್ಫಿನಲ್ಲಿದ್ದಾನೆ. ಕೈಕೆಳಗೆ ಹುಡುಗರಿಲ್ಲ. ಗುಳ್ಳೆಗಾಗಿ ಕೂತಿದ್ದಕ್ಕೆ ಕೂಲಿ ಕೇಳಿದರೆ ಗಿರಾಕಿ ಕೊಡುವುದಿಲ್ಲ, ಪ್ಯಾಚಿಗೆ ಮಾತ್ರ ಕೊಡುತ್ತಾನೆ ಎಂದು ಒಮ್ಮೆ ಹೇಳಿದರು. ನಾನೂ ಅಂದು ಪ್ಯಾಚಿನ ದುಡ್ಡನ್ನಷ್ಟೇ ಕೊಟ್ಟು ಬಂದಿದ್ದೆ.

ಭಾನುವಾರ ಅಂಗಡಿ ಮಧ್ಯಾಹ್ನದವರೆಗೆ ಇರುತ್ತದೆ. ಹೋಗುವವರು ಗಾಳಿ ಎಷ್ಟು ದಿನಕ್ಕೆ ಇಳಿಯುತ್ತದೆಂದು ಲೆಕ್ಕ ಇಟ್ಟುಕೊಂಡು ಹೋಗಿ.