ದಕ್ಷತಾಶಾಸ್ತ್ರದಲ್ಲಿ ಮೇಲ್ಮೈ ಎಲೆಕ್ಟ್ರೋಮಯೋಗ್ರಫಿ

ಮೇಲ್ಮೈ ಎಲೆಕ್ಟ್ರೋಮಯೋಗ್ರಫಿಯು ಸ್ನಾಯುಗಳು ಕೆಲಸ ಮಾಡುವಾಗ ಉಂಟಾಗುವ ವಿದ್ಯುತ್ ಸಂಕೇತಗಳನ್ನು ಚರ್ಮದ ಮೇಲಿಟ್ಟ ಎಲೆಕ್ಟ್ರೋಡುಗಳಿಂದ ದಾಖಲಿಸುವ ವಿಧಾನವಾಗಿದೆ. ಸೂಜಿ ಚುಚ್ಚುವ ಅಗತ್ಯವಿಲ್ಲದ ಕಾರಣ, ದುಡಿಯುತ್ತಿರುವ ವ್ಯಕ್ತಿಯ ಸ್ನಾಯುಗಳ ಹೊರೆ ಮತ್ತು ದಣಿವನ್ನು ಅಂದಾಜಿಸಲು ದಕ್ಷತಾಶಾಸ್ತ್ರದಲ್ಲಿ ಇದನ್ನು ಬಳಸುತ್ತಾರೆ.

ತತ್ವ

ಒಂದು ಚಾಲಕ ನರಕೋಶವನ್ನೂ ಅದು ನಿಯಂತ್ರಿಸುವ ಸ್ನಾಯುತಂತುಗಳನ್ನೂ ಒಟ್ಟಾಗಿ ಚಾಲಕ ಘಟಕ ಎನ್ನುತ್ತಾರೆ. ಹೆಚ್ಚು ಬಲ ಬೇಕಾದಾಗ ಹೆಚ್ಚು ಘಟಕಗಳು ಕಾರ್ಯಪ್ರವೃತ್ತವಾಗುತ್ತವೆ. ಚರ್ಮದ ಮೇಲೆ ದೊರೆಯುವ ಸಂಕೇತವು ಇವೆಲ್ಲವುಗಳ ಒಟ್ಟು ಮೊತ್ತವಾಗಿರುತ್ತದೆ. ಅದರ ಶಕ್ತಿಯ ಬಹುಪಾಲು 10ರಿಂದ 500 ಹರ್ಟ್ಸ್ ಆವರ್ತನದೊಳಗಿರುತ್ತದೆ.

ಅಳತೆಯ ಕ್ರಮ

ಚರ್ಮವನ್ನು ಶುಚಿಗೊಳಿಸಿ, ಸ್ನಾಯುತಂತುಗಳ ದಿಕ್ಕಿನಲ್ಲಿಯೇ ಎರಡು ಎಲೆಕ್ಟ್ರೋಡುಗಳನ್ನು ಅಂಟಿಸಲಾಗುತ್ತದೆ. ಅವುಗಳ ಕೇಂದ್ರಗಳ ನಡುವೆ 20 ಮಿ.ಮೀ. ಅಂತರವಿರಬೇಕೆಂದು ಐರೋಪ್ಯ ‘ಸೆನಿಯಾಮ್’ ಯೋಜನೆ ಶಿಫಾರಸು ಮಾಡಿದೆ. ಸಂಕೇತದ ಪ್ರಮಾಣ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವುದರಿಂದ, ಮೊದಲು ಆ ವ್ಯಕ್ತಿಯು ಪೂರ್ಣಬಲ ಹಾಕಿದಾಗಿನ ಸಂಕೇತವನ್ನು ದಾಖಲಿಸಿ, ಕೆಲಸದ ವೇಳೆಯ ಸಂಕೇತವನ್ನು ಅದರ ಶೇಕಡಾವಾರಾಗಿ ಸೂಚಿಸಲಾಗುತ್ತದೆ. ಒಂದೇ ಹೊರೆಯನ್ನು ಹೊತ್ತಿರುವಾಗ ಸಂಕೇತದ ಪ್ರಮಾಣ ಏರುತ್ತ, ಮಧ್ಯಕ ಆವರ್ತನ ಇಳಿಯುತ್ತ ಹೋದರೆ ಅದನ್ನು ಸ್ನಾಯು ದಣಿವಿನ ಲಕ್ಷಣವೆಂದು ಪರಿಗಣಿಸುತ್ತಾರೆ.

ಸ್ವೀಡನ್ನಿನ ಸಂಶೋಧಕ ಬೆಂಗ್ಟ್ ಯೋನ್ಸನ್ ದೀರ್ಘಕಾಲದ ಕೆಲಸಕ್ಕೆ ಮಿತಿಗಳನ್ನು ಸೂಚಿಸಿದರು. ಅವುಗಳ ಪ್ರಕಾರ, ಬಿಡುವಿಲ್ಲದೆ ಉಳಿಯುವ ಸ್ಥಿರ ಹೊರೆಯು ಪೂರ್ಣಬಲದ ಶೇ. 2ನ್ನು ದಾಟದಿರುವುದು ಒಳ್ಳೆಯದು, ಶೇ. 5ನ್ನು ಮೀರಲೇಬಾರದು.

ಕೃಷಿ ಕೆಲಸದಲ್ಲಿ

ಈ ವಿಧಾನವನ್ನು ಕಾರ್ಖಾನೆ ಹಾಗೂ ಕಚೇರಿಗಳಷ್ಟೇ ಅಲ್ಲದೆ ಹೊಲದ ಕೆಲಸಕ್ಕೂ ಅನ್ವಯಿಸಬಹುದು. ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿನ ಹತ್ತಿಮತ್ತೂರು ಇರುವ ಪ್ರದೇಶದಲ್ಲಿ ಹತ್ತಿ, ಮೆಕ್ಕೆಜೋಳ, ಮೆಣಸಿನಕಾಯಿ ಬೆಳೆಯುತ್ತಾರೆ. ಹತ್ತಿ ಬಿಡಿಸುವ, ಕೈಯಿಂದ ಕಳೆ ಕೀಳುವ ಕೆಲಸಗಳನ್ನು ಹೆಚ್ಚಾಗಿ ಮಹಿಳೆಯರು ಮಾಡುತ್ತಾರೆ. ಹತ್ತಿ ಬಿಡಿಸುವಾಗ ಬೆರಳುಗಳ ಮರುಕಳಿಸುವ ಚಲನೆಗೆ ಮುಂಗೈ ಸ್ನಾಯುಗಳನ್ನೂ, ಚಾಚಿದ ತೋಳಿಗೆ ಭುಜದ ಟ್ರಪೀಜಿಯಸ್ ಸ್ನಾಯುವನ್ನೂ, ಬಾಗಿದ ಭಂಗಿಗೆ ಬೆನ್ನುಮೂಳೆಯ ಇಕ್ಕೆಲದ ಸ್ನಾಯುಗಳನ್ನೂ ಪರೀಕ್ಷಿಸುವುದು ಸೂಕ್ತ.

ಬೆನ್ನಿನ ಅಳತೆಯನ್ನು ಅರ್ಥೈಸುವಾಗ ವಿಶೇಷ ಎಚ್ಚರಿಕೆ ಅಗತ್ಯ. ಮುಂದಕ್ಕೆ ಬಾಗುತ್ತ ಹೋದಂತೆ ಬೆನ್ನಿನ ಸ್ನಾಯುಗಳ ಸಂಕೇತ ಮೊದಲು ಹೆಚ್ಚುತ್ತದೆ. ಪೂರ್ಣವಾಗಿ ಬಾಗಿದಾಗ ಅನೇಕರಲ್ಲಿ ಅದು ಬಹುತೇಕ ನಿಂತುಹೋಗುತ್ತದೆ. 1955ರಲ್ಲಿ ಫ್ಲಾಯ್ಡ್ ಮತ್ತು ಸಿಲ್ವರ್ ಈ ವಿದ್ಯಮಾನವನ್ನು ವಿವರಿಸಿದರು. ಆಗ ಮೇಲುದೇಹದ ಭಾರ ಇಲ್ಲವಾಗುವುದಿಲ್ಲ. ಅದು ಹೆಚ್ಚಾಗಿ ಬೆನ್ನಿನ ಅಸ್ಥಿರಜ್ಜುಗಳು ಮತ್ತಿತರ ಅಂಗಾಂಶಗಳಿಗೆ ವರ್ಗವಾಗುತ್ತದೆ. ಆದ್ದರಿಂದ ನಡು ಬಗ್ಗಿಸಿ ಕಳೆ ಕೀಳುವವರಲ್ಲಿ ಸಂಕೇತ ಕಡಿಮೆ ಕಂಡುಬಂದ ಮಾತ್ರಕ್ಕೆ ಆ ಭಂಗಿ ಸುರಕ್ಷಿತವೆನ್ನಲಾಗದು. ಗಿಡ್ಡ ಹಿಡಿಯ ಮತ್ತು ಉದ್ದ ಹಿಡಿಯ ಸಾಧನಗಳನ್ನು ಹೋಲಿಸುವಾಗ ಸಂಕೇತದ ಜೊತೆಗೆ ಬಾಗುವಿಕೆಯ ಕೋನ, ಕೆಲಸದ ಅವಧಿ ಹಾಗೂ ಕೆಲಸಗಾರರು ಹೇಳುವ ನೋವನ್ನೂ ದಾಖಲಿಸಬೇಕಾಗುತ್ತದೆ.

ಮಿತಿಗಳು

ಬೆವರಿನಿಂದ ಎಲೆಕ್ಟ್ರೋಡು ಸಡಿಲವಾಗಬಹುದು. ಚರ್ಮದಡಿಯ ಕೊಬ್ಬು ಸಂಕೇತವನ್ನು ಕುಗ್ಗಿಸುತ್ತದೆ. ನೆರೆಯ ಸ್ನಾಯುಗಳ ಸಂಕೇತ ಬೆರೆಯುವುದುಂಟು. ಆಳದ ಸ್ನಾಯುಗಳನ್ನು ಈ ವಿಧಾನದಿಂದ ಸರಿಯಾಗಿ ಅಳೆಯಲಾಗದು. ಚಲನೆಯಿರುವ ಕೆಲಸಗಳಲ್ಲಿ ಸಂಕೇತದ ಪ್ರಮಾಣವು ಸ್ನಾಯುಬಲಕ್ಕೆ ನೇರ ಅನುಪಾತದಲ್ಲಿರುವುದಿಲ್ಲ.