ಇಂಗ್ಲಿಷಿನ ‘ಓನ್ಲಿ’ ಶಬ್ದವೂ ಅವಧಾರಣಾರ್ಥವೂ

ಭಾಷೆಯಲ್ಲಿ ದೊಡ್ಡ ಶಬ್ದಗಳಿಗಿಂತ ಚಿಕ್ಕ ಶಬ್ದಗಳೇ ಅರ್ಥನಿರ್ಣಯಕ್ಕೆ ಹೆಚ್ಚು ತೊಡಕನ್ನುಂಟುಮಾಡುತ್ತವೆ. ನಾಮಪದ ಕ್ರಿಯಾಪದಗಳ ಅರ್ಥವನ್ನು ಕೋಶದಿಂದ ತಿಳಿಯಬಹುದು. ನಿಪಾತಗಳ ಅರ್ಥವಾದರೋ, ಅವು ವಾಕ್ಯದಲ್ಲಿ ಯಾವ ಪದವನ್ನು ಆಶ್ರಯಿಸಿವೆಯೆಂಬುದನ್ನು ನೋಡಿದ ಹೊರತು ತಿಳಿಯದು. ಸಂಸ್ಕೃತದ ‘ಏವ’, ಕನ್ನಡದ ‘ಏ’, ಇಂಗ್ಲಿಷಿನ ‘ಓನ್ಲಿ’ ಈ ಮೂರೂ ಇಂಥವೇ. ಕೇಂದ್ರದ ಶಾಸನಗಳೂ ಉನ್ನತ ನ್ಯಾಯಾಲಯಗಳ ತೀರ್ಪುಗಳೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿದ್ದು, ಅವುಗಳ ಅರ್ಥವನ್ನು ಕನ್ನಡಿಗರು ಕನ್ನಡದ ಮೂಲಕ ಗ್ರಹಿಸಬೇಕಾಗಿರುವುದರಿಂದ, ಈ ಮೂರನೆಯ ಶಬ್ದದ ಸ್ವಭಾವವನ್ನು ನಮ್ಮ ಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡುವುದು ನಿರರ್ಥಕವಾಗಲಾರದು.

ಮೊದಲು ವ್ಯುತ್ಪತ್ತಿಯನ್ನು ನೋಡೋಣ. ‘ಓನ್ಲಿ’ ಎಂಬುದು ಹಳೆಯ ಇಂಗ್ಲಿಷಿನ ‘ಆನ್‌ಲಿಚ್’ ಎಂಬ ರೂಪದಿಂದ ಬಂದುದು. ಇದರಲ್ಲಿ ‘ಆನ್’ ಎಂದರೆ ಒಂದು. ‘ಲಿಚ್’ ಎಂದರೆ ಸದೃಶವಾದುದು. ಇಂದಿನ ‘ಲಿ’ ಎಂಬ ಪ್ರತ್ಯಯವು ಅದರ ಸವೆದ ರೂಪ. ಆದುದರಿಂದ ‘ಒಂದರಂತಿರುವುದು’ ಎಂಬುದೇ ಇದರ ಅವಯವಾರ್ಥ. ‘ವನ್’ ಎಂಬ ಸಂಖ್ಯಾವಾಚಕವೂ ಇದೇ ಮೂಲದ್ದು. ಅದರ ಉಚ್ಚಾರಣೆ ಕಾಲಕ್ರಮದಲ್ಲಿ ಬೇರೆಯಾಯಿತು, ‘ಓನ್ಲಿ’, ‘ಅಲೋನ್’ ಎಂಬೆರಡರಲ್ಲಿ ಹಳೆಯ ಸ್ವರದ ಸಂತತಿ ಉಳಿದುಕೊಂಡಿತು. ‘ಓನ್ಲಿ ಸನ್’ ಎಂದರೆ ಒಬ್ಬನೇ ಮಗ. ಇಲ್ಲಿ ಶಬ್ದವು ಶುದ್ಧ ವಿಶೇಷಣ; ಇಂಥ ಸ್ಥಳದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ತೊಡಕು ಹುಟ್ಟುವುದು ಅದು ಅವ್ಯಯವಾಗಿ ವಾಕ್ಯದಲ್ಲಿ ಸಂಚರಿಸತೊಡಗಿದಾಗ.

ಒಂದು ಸಣ್ಣ ವಾಕ್ಯವನ್ನು ಎತ್ತಿಕೊಳ್ಳೋಣ: ‘ದಿ ಬಾಯ್ ರೆಡ್ ಟೂ ಪೇಜಸ್ ಯೆಸ್ಟರ್ಡೇ.’ ಹುಡುಗನು ನಿನ್ನೆ ಎರಡು ಪುಟಗಳನ್ನು ಓದಿದನು ಎಂದರ್ಥ. ಇದರ ಆದಿಯಲ್ಲಿ ‘ಓನ್ಲಿ’ಯನ್ನು ಇಟ್ಟರೆ, ಹುಡುಗನೊಬ್ಬನೇ ಓದಿದನು, ಬೇರೆ ಯಾರೂ ಓದಲಿಲ್ಲ ಎಂದಾಗುತ್ತದೆ. ‘ರೆಡ್’ ಎಂಬ ಕ್ರಿಯೆಯ ಮುಂದೆ ಇಟ್ಟರೆ, ಓದಿದನಷ್ಟೆ, ಬರೆಯಲಿಲ್ಲ, ಬಾಯಿಪಾಠ ಮಾಡಲಿಲ್ಲ ಎಂದಾಗಬಹುದು. ‘ಟೂ ಪೇಜಸ್’ ಎಂಬುದರ ಮುಂದೆ ಇಟ್ಟರೆ, ಎರಡೇ ಪುಟ, ಮೂರನೆಯದಿಲ್ಲ. ‘ಯೆಸ್ಟರ್ಡೇ’ ಎಂಬುದರ ಮುಂದೆ ಇಟ್ಟರೆ ಎರಡು ಅರ್ಥಗಳು ತೋರುತ್ತವೆ: ನಿನ್ನೆಯ ದಿನ ಮಾತ್ರ, ಮತ್ತಾವ ದಿನವೂ ಅಲ್ಲ ಎಂಬುದೊಂದು, ನಿನ್ನೆಯಷ್ಟೇ, ಬಹಳ ಕಾಲವಾಗಿಲ್ಲ ಎಂಬುದಿನ್ನೊಂದು. ಮಿಕ್ಕ ಶಬ್ದಗಳು ಅವೇ, ಅವುಗಳ ಕ್ರಮವೂ ಅದೇ. ಒಂದು ಅವ್ಯಯದ ಸ್ಥಾನಭೇದದಿಂದ ಐದು ಅರ್ಥಗಳಾದುವು.

ಇಷ್ಟೇ ಆಗಿದ್ದರೆ ಸ್ಥಾನವನ್ನು ನೋಡಿ ಅರ್ಥವನ್ನು ನಿಶ್ಚಯಿಸಬಹುದಾಗಿತ್ತು. ಆದರೆ ಇಂಗ್ಲಿಷರು ಮಾತನಾಡುವಾಗ ಈ ಶಬ್ದವನ್ನು ಅದು ಸೇರಬೇಕಾದ ಪದದ ಬಳಿಯಲ್ಲಿಡದೆ ಸಾಮಾನ್ಯವಾಗಿ ಕ್ರಿಯಾಪದದ ಮುಂದೆಯೇ ಇಡುತ್ತಾರೆ. ‘ದಿ ಬಾಯ್ ಓನ್ಲಿ ರೆಡ್ ಟೂ ಪೇಜಸ್’ ಎಂದು ಹೇಳಿ ‘ಟೂ’ ಎಂಬಲ್ಲಿ ದನಿಯನ್ನು ಒತ್ತುತ್ತಾರೆ. ಕೇಳುವವನು ಎರಡೇ ಪುಟಗಳೆಂದು ಕೂಡಲೆ ಗ್ರಹಿಸುತ್ತಾನೆ. ಹೀಗೆ ಆಡುಮಾತಿನಲ್ಲಿ ಅನ್ವಯವನ್ನು ನಿರ್ಣಯಿಸುವುದು ಸ್ಥಾನವಲ್ಲ, ಕಾಕು. ಬರೆಹದಲ್ಲಿ ಕಾಕುವಿಲ್ಲ. ಆದಕಾರಣ ರಾಬರ್ಟ್ ಲೌತ್ ಎಂಬ ವೈಯಾಕರಣನು ೧೭೬೨ರಲ್ಲಿ ಪ್ರಕಟವಾದ ತನ್ನ ಇಂಗ್ಲಿಷ್ ವ್ಯಾಕರಣದಲ್ಲಿ, ಇಂಥ ಅವ್ಯಯವನ್ನು ಅದು ವಿಶೇಷಿಸುವ ಪದದ ಸಮೀಪದಲ್ಲಿಯೇ ಇಡತಕ್ಕುದೆಂದು ವಿಧಿಸಿ, ರೂಢಿಯ ಪ್ರಯೋಗವನ್ನು ಆಕ್ಷೇಪಿಸಿದನು. ೧೯೨೬ರಲ್ಲಿ ಫೌಲರ್ ಎಂಬ ವಿದ್ವಾಂಸನು ತನ್ನ ಪ್ರಯೋಗಕೋಶದಲ್ಲಿ ಇದಕ್ಕೆ ಪ್ರತಿಯಾಗಿ, ಅರ್ಥಸಂದೇಹವಿಲ್ಲದೆಡೆಯಲ್ಲಿ ರೂಢಿಯ ಸ್ಥಾನವನ್ನು ದೋಷವೆಂದೆಣಿಸುವುದು ಅನವಶ್ಯಕವಾದ ಪಾಂಡಿತ್ಯವೆಂಬ ಪಕ್ಷವನ್ನು ಹಿಡಿದನು. ವಿಚಾರಿಸಿ ನೋಡಿದರೆ ಈ ಎರಡು ಪಕ್ಷಗಳಿಗೂ ವಿಷಯಭೇದವಿದೆ: ಕಾಕುವುಳ್ಳ ಮಾತಿಗೆ ಫೌಲರನ ಮತವು ಸಲ್ಲುತ್ತದೆ, ಕಾಕುವಿಲ್ಲದ ಶಾಸನಪತ್ರಕ್ಕೆ ಲೌತನ ವಿಧಿಯೇ ಕ್ಷೇಮಕರ.

ಕನ್ನಡದಲ್ಲಿ ಈ ಸ್ಥಾನದ ತೊಡಕು ಇಷ್ಟಿಲ್ಲ. ನಮ್ಮ ವ್ಯಾಕರಣದಲ್ಲಿ ಅವಧಾರಣಾರ್ಥಕಾವ್ಯಯವೆನಿಸಿದ ‘ಏ’ಕಾರವು ತನ್ನ ಪದಕ್ಕೆ ಅಂಟಿಕೊಂಡೇ ಬರುತ್ತದೆ. ಹುಡುಗನೇ, ಎರಡೇ, ನಿನ್ನೆಯೇ ಎಂಬಲ್ಲಿ ಅದು ಯಾರಿಗೆ ಸೇರಿದುದೆಂದು ಕೇಳುವ ಅಗತ್ಯವಿಲ್ಲ. ‘ಮಾತ್ರ’, ‘ಅಷ್ಟೇ’ ಎಂಬವೂ ತಮ್ಮ ಪದದ ಬೆನ್ನಿಗೇ ನಿಲ್ಲುತ್ತವೆ. ಈ ಅಭ್ಯಾಸಬಲದಿಂದಲೇ ನಮ್ಮವರು ಇಂಗ್ಲಿಷನ್ನಾಡುವಾಗ ‘ಓನ್ಲಿ’ಯನ್ನು ಪದದ ಹಿಂದಕ್ಕೆ ಹಾಕುತ್ತಾರೆ. ‘ನಾನು ಮೈಸೂರಿನವನೇ’ ಎಂಬ ಭಾವದಲ್ಲಿ ‘ಐ ಆಮ್ ಫ್ರಮ್ ಮೈಸೂರ್ ಓನ್ಲಿ’ ಎನ್ನುವುದು ಪ್ರಸಿದ್ಧ. ಹಿಂದಿಯನ್ನಾಡುವವರೂ ತಮ್ಮ ‘ಹೀ’ ಎಂಬುದರ ಬಲದಿಂದ ಹೀಗೆಯೇ ಹೇಳುತ್ತಾರೆ. ಇದನ್ನು ಕೇಳಿದ ಇಂಗ್ಲಿಷನಿಗೆ, ಈತನು ಮತ್ತಾವ ಊರಿನವನೂ ಅಲ್ಲವೆಂದು ಏಕೆ ನಿಷೇಧಿಸುತ್ತಿದ್ದಾನೆಂಬ ಆಶ್ಚರ್ಯವಾಗುತ್ತದೆ. ಹೇಳಿದವನ ಅಭಿಪ್ರಾಯವು ನಿಷೇಧವಲ್ಲ, ದೃಢೀಕರಣ. ಹಾಗಾದರೆ ‘ಏ’ಕಾರಕ್ಕೂ ‘ಓನ್ಲಿ’ಗೂ ಸ್ಥಾನದಲ್ಲಿ ಮಾತ್ರವಲ್ಲದೆ ಅರ್ಥದಲ್ಲಿಯೂ ಭೇದವಿರಬೇಕಷ್ಟೆ.

ಆ ಭೇದವನ್ನು ತಿಳಿಯಲು ‘ಏವ’ಕಾರದ ವಿಷಯವಾಗಿ ನಮ್ಮ ತಾರ್ಕಿಕರು ಮಾಡಿರುವ ವಿಭಾಗವು ಉಪಯುಕ್ತವಾಗಿದೆ. ಏಳನೆಯ ಶತಮಾನದ ಬೌದ್ಧಾಚಾರ್ಯನಾದ ಧರ್ಮಕೀರ್ತಿಯಲ್ಲಿ ಸ್ಪಷ್ಟವಾಗಿ ಕಾಣುವ ಈ ವಿಭಾಗವನ್ನು ಅನಂತರದ ನೈಯಾಯಿಕರೂ ಅಂಗೀಕರಿಸಿ ವಿಸ್ತರಿಸಿದ್ದಾರೆ. ‘ಏವ’ಕಾರವು ವಿಶೇಷಣದೊಡನೆ ಬಂದರೆ ಅಯೋಗವ್ಯವಚ್ಛೇದ. ಶಂಖವು ಬಿಳಿಯದೇ ಎಂದರೆ, ಶಂಖಕ್ಕೆ ಬಿಳುಪಿನ ಸಂಬಂಧವು ಇಲ್ಲದಿರುವುದಿಲ್ಲ ಎಂದು ತಾತ್ಪರ್ಯ; ಹಾಲು ಬೆಳ್ಳಗಿರಬಾರದೆಂದಲ್ಲ. ವಿಶೇಷ್ಯದೊಡನೆ ಬಂದರೆ ಅನ್ಯಯೋಗವ್ಯವಚ್ಛೇದ. ಅರ್ಜುನನೇ ಬಿಲ್ಲುಗಾರ ಎಂದರೆ, ಬೇರೆಯವರಿಗೆ ಆ ಧರ್ಮವಿಲ್ಲ ಎಂದು ತಾತ್ಪರ್ಯ. ಕ್ರಿಯೆಯೊಡನೆ ಬಂದರೆ ಅತ್ಯಂತಾಯೋಗವ್ಯವಚ್ಛೇದ. ನೀಲಿಯ ಕಮಲವು ಉಂಟೇ ಉಂಟು ಎಂದರೆ, ಕಮಲಕ್ಕೂ ನೀಲಿಗೂ ಎಂದೆಂದಿಗೂ ಸಂಬಂಧವಿಲ್ಲವೆಂಬುದನ್ನು ಅಲ್ಲಗಳೆದಂತಾಯಿತು. ಎಲ್ಲ ಕಮಲಗಳೂ ನೀಲಿಯೆಂದು ಹೇಳಿದಂತಾಗಲಿಲ್ಲ.

ಕನ್ನಡದ ‘ಏ’ಕಾರವು ಈ ಮೂರು ಕೆಲಸಗಳನ್ನೂ ಮಾಡಬಲ್ಲುದು. ‘ಓನ್ಲಿ’ಯಾದರೋ ಪ್ರಾಯಿಕವಾಗಿ ಎರಡನೆಯದನ್ನೇ ಮಾಡುತ್ತದೆ, ಅದರ ಜೀವಾಳವು ಅನ್ಯನಿಷೇಧ. ಶಂಖವು ಬಿಳಿಯದೇ ಎಂಬುದಕ್ಕೆ ‘ಓನ್ಲಿ ವೈಟ್’ ಎಂದರೆ, ಬಿಳುಪೊಂದನ್ನುಳಿದು ಬೇರೆ ಬಣ್ಣವಿಲ್ಲವೆಂದೋ, ಬರಿಯ ಬಿಳುಪೆಂಬ ನ್ಯೂನತೆಯೋ ತೋರುತ್ತದೆಯೇ ಹೊರತು ನಿಯತಸಂಬಂಧವು ತೋರುವುದಿಲ್ಲ. ಅಂಥ ಕಡೆ ಇಂಗ್ಲಿಷು ‘ಆಲ್ವೇಸ್’, ‘ಇಂಡೀಡ್’ ಮುಂತಾದ ಬೇರೆ ಶಬ್ದಗಳನ್ನು ಹುಡುಕುತ್ತದೆ. ಮೈಸೂರಿನವನ ಮಾತು ಇಂಗ್ಲಿಷನಿಗೆ ವಿಚಿತ್ರವಾಗಿ ಕೇಳುವುದಕ್ಕೆ ಇದೇ ಕಾರಣ: ಅಯೋಗವ್ಯವಚ್ಛೇದವನ್ನು ಅನ್ಯಯೋಗವ್ಯವಚ್ಛೇದದ ಶಬ್ದದಿಂದ ಹೇಳಿದ್ದಾಯಿತು.

ಈ ಶಬ್ದವು ‘ಇಫ್’ ಎಂಬ ಪಕ್ಷಾರ್ಥಕದೊಡನೆ ಸೇರಿದಾಗ ಇನ್ನೊಂದು ಸ್ವಾರಸ್ಯವುಂಟು. ‘ಇಫ್ ಓನ್ಲಿ’ ಎಂಬ ಕ್ರಮದಲ್ಲಿ ಅದು ಹಾರೈಕೆ, ಹಳಹಳಿಕೆ: ‘ಹೀಗಾಗಿದ್ದರೆ ಎಷ್ಟು ಚೆನ್ನಾಗಿತ್ತು!’ ಎಂಬಂತೆ. ‘ಓನ್ಲಿ ಇಫ್’ ಎಂಬ ಕ್ರಮದಲ್ಲಿ ಅದು ವ್ಯಾಪ್ತಿ. ಬೆಂಕಿಯಿದ್ದರೆ ಮಾತ್ರ ಹೊಗೆ ಎಂದಾಗ, ಬೆಂಕಿಯು ವ್ಯಾಪಕ, ಹೊಗೆಯು ವ್ಯಾಪ್ಯ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದೂ ಹೊಗೆಯಿಲ್ಲದಿರುವುದು ತರ್ಕಶಾಲೆಯ ಬಾಲಕರಿಗೂ ಗೊತ್ತು. ಆದರೆ ವ್ಯವಹಾರದಲ್ಲಿ ಈ ವಿವೇಕವು ತಪ್ಪುತ್ತದೆ. ‘ಅರ್ಜಿ ಕೊಟ್ಟರೆ ಮಾತ್ರ ಸಹಾಯಧನ’ ಎಂಬ ನಿಯಮವನ್ನೋದಿದವನು, ತಾನು ಅರ್ಜಿ ಕೊಟ್ಟೆನಾದುದರಿಂದ ಸಹಾಯಧನವು ಬಂದೇ ಬರತಕ್ಕುದೆಂದು ನಂಬಿ ಕಾಯುತ್ತಾನೆ. ನಿಯಮವು ಹೇಳಿದುದು ಅರ್ಜಿಯಿಲ್ಲದವನಿಗೆ ಇಲ್ಲವೆಂದು, ಅರ್ಜಿಯಿದ್ದವರಿಗೆಲ್ಲ ಉಂಟೆಂದಲ್ಲ.

ಇನ್ನು ಮುಖ್ಯವಾದ ಪ್ರಶ್ನೆ. ‘ಓನ್ಲಿ’ಯು ಅನ್ಯವನ್ನು ನಿಷೇಧಿಸುತ್ತದೆಂದು ಒಪ್ಪಿದರೂ, ಆ ಅನ್ಯವು ಯಾವುದು? ಅರ್ಜುನನೇ ಬಿಲ್ಲುಗಾರ ಎಂಬಲ್ಲಿಯೇ ಆಕ್ಷೇಪವು ಹುಟ್ಟಬಹುದು: ಕರ್ಣನೂ ಏಕಲವ್ಯನೂ ಬಿಲ್ಲು ಹಿಡಿಯಲಿಲ್ಲವೆ? ಇದಕ್ಕೆ ಸಮಾಧಾನವೇನೆಂದರೆ, ಅಲ್ಲಿ ನಿಷೇಧಿಸಿರುವುದು ಬಿಲ್ಲು ಹಿಡಿಯುವುದನ್ನಲ್ಲ, ಅರ್ಜುನನಿಗೆ ಸಮನಾದ ಬಿಲ್ಗಾರಿಕೆಯನ್ನು. ಅಂದರೆ ನಿಷೇಧ್ಯವನ್ನು ಶಬ್ದವು ತಾನಾಗಿ ಹೇಳುವುದಿಲ್ಲ. ಪ್ರಕರಣದಿಂದ, ತಾತ್ಪರ್ಯದಿಂದ ತಿಳಿಯಬೇಕು. ಈ ಒಂದು ಅಂಶವು ಎಷ್ಟು ಜನರ ಬಾಳಿಗೆ ತಗಲುತ್ತದೆಂಬುದಕ್ಕೆ ನಮ್ಮ ಸಂವಿಧಾನವೇ ನಿದರ್ಶನ.

೧೯೫೦ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನದ ೧೫ನೆಯ ಅನುಚ್ಛೇದದ ಮೊದಲನೆಯ ಖಂಡವು, ಮತ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ಇವುಗಳ ಕಾರಣದಿಂದ ಮಾತ್ರವೇ ರಾಜ್ಯವು ಪೌರರಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ. ಸರ್ಕಾರಿ ಉದ್ಯೋಗದ ವಿಷಯವಾದ ೧೬ನೆಯ ಅನುಚ್ಛೇದದ ಎರಡನೆಯ ಖಂಡದಲ್ಲಿಯೂ ಇದೇ ರೀತಿಯಿದೆ. ಎರಡೆಡೆಯಲ್ಲಿಯೂ ಮೂಲದಲ್ಲಿ ‘ಓನ್ಲಿ’ಯು ಕಾರಣವಾಚಕವಾದ ಪದದ ಬೆನ್ನಿಗೇ ಇದೆ. ಲೌತನ ವಿಧಿಯಂತೆ ಸ್ಥಾನವು ನಿರ್ದುಷ್ಟವಾಗಿದೆ. ಆದರೂ ವಿವಾದವು ತಪ್ಪಲಿಲ್ಲ. ಏರ್ ಇಂಡಿಯಾ ಸಂಸ್ಥೆಯ ಗಗನಸಖಿಯರ ಸೇವಾನಿಯಮಗಳು, ಕೆಲಸಕ್ಕೆ ಸೇರಿದ ನಾಲ್ಕು ವರ್ಷಗಳೊಳಗೆ ಮದುವೆಯಾದರೂ, ಮೊದಲನೆಯ ಬಸಿರಾದರೂ ಅವರ ಸೇವೆಯನ್ನು ಕೊನೆಗಾಣಿಸುವಂತಿದ್ದುವು. ಈ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೮೧ರಲ್ಲಿ ಬಸಿರಿನ ನಿಯಮವನ್ನು ರದ್ದುಗೊಳಿಸಿತು. ಮದುವೆಯ ನಿಯಮವನ್ನು ಎತ್ತಿಹಿಡಿಯಿತು. ಗಗನಸಖಿಯರದು ನೇಮಕ, ಬಡ್ತಿ ಮೊದಲಾದುವುಗಳಲ್ಲಿ ಬೇರೆಯೇ ಆದ ವರ್ಗವೆಂದೂ, ಸಂವಿಧಾನವು ತಡೆಯುವುದು ಲಿಂಗವೊಂದರ ಕಾರಣದಿಂದಲೇ ಆಗುವ ತಾರತಮ್ಯವನ್ನೆಂದೂ, ಲಿಂಗದೊಡನೆ ಬೇರೆ ಕಾರಣಗಳು ಕೂಡಿದಲ್ಲಿ ಆ ನಿಷೇಧವು ತಗಲದೆಂದೂ ಅದರ ಅಭಿಪ್ರಾಯ.

ಇಲ್ಲಿ ‘ಓನ್ಲಿ’ಯ ನಿಷೇಧ್ಯವೆಂದು ಗ್ರಹಿಸಿದುದು ಯಾವುದೆಂಬುದನ್ನು ವಾಚಕರು ಗಮನಿಸಬೇಕು. ಲಿಂಗದ ಜೊತೆಯಲ್ಲಿ ಬರುವ ಸಹಕಾರಿ ಕಾರಣಗಳೆಲ್ಲ ಅನ್ಯವೆಂದು ಎಣಿಸಿದರೆ, ಯಾವುದಾದರೊಂದು ಸಹಕಾರಿಯನ್ನು ಪಕ್ಕಕ್ಕೆ ಇಟ್ಟೊಡನೆ ನಿಷೇಧವು ಕುಸಿಯುತ್ತದೆ. ಲೋಕದಲ್ಲಿ ಒಂದೇ ಕಾರಣದಿಂದ ಹುಟ್ಟುವ ಕಾರ್ಯವು ಅಪೂರ್ವವಾದುದರಿಂದ, ಈ ಅರ್ಥದಲ್ಲಿ ವಿಧಿಗೆ ವಿಷಯವೇ ಅತ್ಯಲ್ಪವಾಗುತ್ತದೆ. ಅನ್ವಯವ್ಯತಿರೇಕಗಳಿಂದ ನೋಡುವುದು ಬೇರೆ ಮಾರ್ಗ. ಮದುವೆಯು ಹೆಣ್ಣಿಗೂ ಗಂಡಿಗೂ ಸಮಾನ. ಗಂಡಸಿನ ಮದುವೆಯು ಅವನ ಕೆಲಸವನ್ನು ಕಳೆಯದೆ ಹೆಂಗಸಿನ ಮದುವೆಯು ಮಾತ್ರ ಅವಳ ಕೆಲಸವನ್ನು ಕಳೆಯುವುದಾದರೆ, ಭೇದವನ್ನುಂಟುಮಾಡಿದುದು ಮದುವೆಯಲ್ಲ, ಲಿಂಗ. ಆಗ ‘ಓನ್ಲಿ’ಯು ಹೊರಗಿಡುವುದು ಲಿಂಗದ ಹಂಗಿಲ್ಲದೆ ಸ್ವತಂತ್ರವಾಗಿ ನಿಲ್ಲಬಲ್ಲ ಕಾರಣಗಳನ್ನಷ್ಟೆ. ೨೦೧೮ರಲ್ಲಿ ನವತೇಜ್ ಸಿಂಗ್ ಜೋಹರ್ ಅವರ ವ್ಯಾಜ್ಯದ ತೀರ್ಪಿನಲ್ಲಿ ನ್ಯಾಯಮೂರ್ತಿ ಚಂದ್ರಚೂಡರು ತಮ್ಮ ಪ್ರತ್ಯೇಕ ಅಭಿಪ್ರಾಯವನ್ನು ಬರೆಯುತ್ತ, ೧೯೮೧ರ ಸಂಕುಚಿತ ವ್ಯಾಖ್ಯಾನವನ್ನು ವಿಮರ್ಶಿಸಿ, ಸ್ತ್ರೀಪುರುಷರ ವಿಷಯವಾದ ರೂಢಕಲ್ಪನೆಗಳನ್ನು ಆಧರಿಸಿದ ತಾರತಮ್ಯವೂ ನಿಷೇಧದೊಳಗೇ ಬರುವುದೆಂದು ನಿರೂಪಿಸಿದರು. ಎರಡು ವ್ಯಾಖ್ಯಾನಗಳಲ್ಲಿಯೂ ಶಬ್ದವೊಂದೇ; ಅದರ ನಿಷೇಧ್ಯವು ಬೇರೆ.

ಇದರಿಂದ ಫಲಿತವಾದುದನ್ನು ಹೇಳಿ ಮುಗಿಸುವೆನು. ‘ಓನ್ಲಿ’ಯನ್ನು ಕಂಡಲ್ಲಿ ಎರಡು ಪ್ರಶ್ನೆಗಳನ್ನು ಕೇಳಬೇಕು: ಇದು ಯಾವ ಪದಕ್ಕೆ ಅನ್ವಯಿಸುತ್ತದೆ? ಯಾವ ಅನ್ಯವನ್ನು ಹೊರಗಿಡುತ್ತದೆ? ಕನ್ನಡಕ್ಕೆ ತರುವವನಿಗೆ ಮೊದಲನೆಯದನ್ನು ನಮ್ಮ ಭಾಷೆಯೇ ಬಗೆಹರಿಸಿಕೊಡುತ್ತದೆ. ‘ಏ’ಕಾರವನ್ನು ಎಲ್ಲಿಯೋ ತೂಗಾಡಿಸಲು ಅದು ಬಿಡುವುದಿಲ್ಲ. ಆದಕಾರಣ ಅನುವಾದಕನು ಪೆನ್ನನ್ನು ಊರುವ ಮೊದಲೇ ಅನ್ವಯವನ್ನು ನಿಶ್ಚಯಿಸಿಕೊಳ್ಳಬೇಕಾಗುತ್ತದೆ. ಮೂಲದ ಸಂದಿಗ್ಧತೆ ಅವನ ಕೈಯಲ್ಲಿ ಹೊರಬೀಳುತ್ತದೆ. ಆಮೇಲೆ ಅನ್ಯನಿಷೇಧಕ್ಕೆ ‘ಮಾತ್ರ’, ನ್ಯೂನತೆಗೆ ‘ಅಷ್ಟೇ’, ಏಕತ್ವಕ್ಕೆ ‘ಒಂದೇ’, ‘ಒಬ್ಬನೇ’ ಎಂದು ಆರಿಸಿಕೊಳ್ಳತಕ್ಕುದು. ಎಲ್ಲೆಡೆಯಲ್ಲಿಯೂ ‘ಕೇವಲ’ವೆಂದು ಹಾಕಿಬಿಡುವುದು ಸಾಧುವಲ್ಲ. ಎರಡನೆಯ ಪ್ರಶ್ನೆಗಾದರೋ ಯಾವ ಭಾಷೆಯ ಪ್ರತ್ಯಯವೂ ಉತ್ತರವನ್ನು ಕೊಡಲಾರದು. ನಿಯಮವನ್ನು ಬರೆಯುವವನು ಹೊರಗಿಡಬೇಕಾದುದನ್ನು ಬಾಯಿಬಿಟ್ಟು ಹೇಳಬೇಕು. ಅವನು ಹೇಳದೆ ಬಿಟ್ಟರೆ ಅದನ್ನು ಹೇಳುವ ಭಾರವು ನ್ಯಾಯಾಧೀಶನ ಮೇಲೆ ಬೀಳುತ್ತದೆ. ಅಲ್ಲಿಯವರೆಗೆ ಅದರ ಫಲವನ್ನು ಉಣ್ಣುವವನು ಆ ನಿಯಮಕ್ಕೆ ಗುರಿಯಾದವನು.